ಪರದೆ ಕಪ್ಪಾದ ಮಾತ್ರಕ್ಕೆ ಗಣಕಯಂತ್ರ ಕೆಟ್ಟಿತೆಂದಲ್ಲ: ಹಳೆಯ ಯಂತ್ರಗಳಿಗೆ ಲಿನಕ್ಸ್ ಅಳವಡಿಸುವಾಗ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಗ್ರಾಮ ಪಂಚಾಯತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಅವಗಾಹನೆಗೆ.

ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಆಗಾಗ ಒಂದು ವಿಷಯ ಬರುತ್ತದೆ: "ಅರಿವು ಕೇಂದ್ರದ ಗಣಕಯಂತ್ರ ದುರಸ್ತಿಯಲ್ಲಿರುವುದರಿಂದ ಹೊಸ ಗಣಕಯಂತ್ರ ಖರೀದಿಸುವ ಕುರಿತು." ಯಂತ್ರ ಚಾಲನೆಯಾಗುತ್ತಿಲ್ಲ, ಪರದೆ ಕಪ್ಪಾಗಿಯೇ ಇದೆ ಎಂದು ಕಾರಣ ತಿಳಿಸಲಾಗುತ್ತದೆ. ಚರ್ಚೆ ಹೆಚ್ಚು ಬೆಳೆಯುವುದಿಲ್ಲ. ಗಣಕಯಂತ್ರದ ವಿಷಯ ನಮಗೆ ತಿಳಿಯದು ಎಂಬ ಸಂಕೋಚದಿಂದ ಅನೇಕ ಸದಸ್ಯರು ಮೌನವಾಗಿ ಸಮ್ಮತಿಸುತ್ತಾರೆ. ಹಳೆಯ ಯಂತ್ರ ಮೂಲೆ ಸೇರುತ್ತದೆ. ಹೊಸದು ಬರುವವರೆಗೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕ ಯುವತಿಯರು ಒಂದು ಅರ್ಜಿ ಸಲ್ಲಿಸಲೂ ಬಸ್ಸು ಹತ್ತಿ ತಾಲ್ಲೂಕು ಕೇಂದ್ರಕ್ಕೆ ಹೋಗಬೇಕಾಗುತ್ತದೆ.

ಇಂತಹ ಸಂದರ್ಭದಲ್ಲಿ ಸದಸ್ಯರು ಕೇಳಬೇಕಾದ ಪ್ರಶ್ನೆ ಒಂದೇ: "ಪರದೆ ಎಲ್ಲಿಯವರೆಗೆ ಬಂದು ಕಪ್ಪಾಯಿತು?" ಇದಕ್ಕೆ ತಾಂತ್ರಿಕ ಜ್ಞಾನ ಬೇಕಿಲ್ಲ. ಮಲಪ್ರಭಾ ಕಾಲುವೆಯ ಕೊನೆಯ ಹೊಲಕ್ಕೆ ನೀರು ಬರದಿದ್ದರೆ ನಮ್ಮ ರೈತರು ಜಲಾಶಯವೇ ಬತ್ತಿದೆ ಎಂದು ತೀರ್ಮಾನಿಸುವುದಿಲ್ಲ. ಕಾಲುವೆಯ ಗುಂಟ ಮೇಲಕ್ಕೆ ನಡೆದು, ನೀರು ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ನೋಡುತ್ತಾರೆ. ಗಣಕಯಂತ್ರದ ಪರದೆಗೂ ಇದೇ ಕ್ರಮ ಅನ್ವಯಿಸುತ್ತದೆ. ಪರದೆ ನಿಂತ ಹಂತವೇ ದೋಷವಿರುವ ಸ್ಥಳವನ್ನು ತಿಳಿಸುತ್ತದೆ.

ಈ ವಿಷಯ ಈಗ ಏಕೆ?

ನಮ್ಮ ಕಚೇರಿ ಮತ್ತು ಗ್ರಂಥಾಲಯಗಳಲ್ಲಿರುವ ಹಲವು ಯಂತ್ರಗಳು ವಿಂಡೋಸ್ 10 ಕಾರ್ಯಾಚರಣಾ ವ್ಯವಸ್ಥೆಯಲ್ಲಿ ನಡೆಯುತ್ತಿವೆ. ಅದರ ತಯಾರಕರಾದ ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ಅದರ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದೆ. ವಿಸ್ತರಿತ ಭದ್ರತಾ ಯೋಜನೆಗೆ ಸೇರಿದ ಯಂತ್ರಗಳನ್ನು ಬಿಟ್ಟರೆ ಉಳಿದವುಗಳಿಗೆ ಭದ್ರತಾ ಪರಿಷ್ಕರಣೆಗಳು ದೊರೆಯುವುದಿಲ್ಲ. ವಿಂಡೋಸ್ 11 ಅಳವಡಿಸಬೇಕೆಂದರೆ ಟಿ.ಪಿ.ಎಂ. 2.0 ಎಂಬ ಭದ್ರತಾ ಘಟಕ, ಕನಿಷ್ಠ 4 ಜಿ.ಬಿ. ರ್‍ಯಾಮ್, 64 ಜಿ.ಬಿ. ಸಂಗ್ರಹ ಹಾಗೂ ಇಂಟೆಲ್ ಆದಲ್ಲಿ ಸಾಮಾನ್ಯವಾಗಿ 8ನೇ ತಲೆಮಾರಿನ ಅಥವಾ ಅನಂತರದ ಸಂಸ್ಕಾರಕ ಇರಬೇಕು. ಇದಕ್ಕಿಂತ ಹಳೆಯ ಯಂತ್ರಗಳು ಸುಸ್ಥಿತಿಯಲ್ಲಿದ್ದರೂ ಈ ನಿಯಮದಿಂದ ಹೊರಗುಳಿಯುತ್ತವೆ.

ಅಂತಹ ಯಂತ್ರಗಳಿಗೆ ಲಿನಕ್ಸ್ ಒಂದು ಮಾರ್ಗ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅವರು 1991ರಲ್ಲಿ ಆರಂಭಿಸಿದ ಲಿನಕ್ಸ್ ಇಂದು ಜಗತ್ತಿನ ಬಹುಪಾಲು ಸರ್ವರ್‌ಗಳಲ್ಲಿಯೂ ನಮ್ಮ ಆಂಡ್ರಾಯ್ಡ್ ಮೊಬೈಲ್‌ಗಳ ಒಳಗೂ ಕೆಲಸ ಮಾಡುತ್ತಿದೆ. ಇದನ್ನು ಉಚಿತವಾಗಿ ಪಡೆಯಬಹುದು, ಎಷ್ಟು ಯಂತ್ರಗಳಿಗಾದರೂ ಅಳವಡಿಸಬಹುದು. ಪರವಾನಗಿ ಶುಲ್ಕವಿಲ್ಲ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕೈಟ್ ಸಂಸ್ಥೆಯ ಮೂಲಕ ಉಬುಂಟು ಆಧಾರಿತ ಲಿನಕ್ಸ್ ಬಳಕೆಯಲ್ಲಿದೆ. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯು ಡೆಬಿಯನ್ ಆಧಾರದ ಮೇಲೆ, ಭಾರತೀಯ ಭಾಷೆಗಳ ಬೆಂಬಲದೊಂದಿಗೆ, ಬಾಸ್ ಎಂಬ ಆವೃತ್ತಿಯನ್ನು ರೂಪಿಸಿದೆ. ಹಳೆಯ ಯಂತ್ರಗಳಿಗೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯೂ ಹಗುರವಾಗಿದ್ದು ಹೊಂದುತ್ತದೆ. ಮಿಂಟ್‌ಗೆ ಕನಿಷ್ಠ 2 ಜಿ.ಬಿ. ರ್‍ಯಾಮ್ ಮತ್ತು 20 ಜಿ.ಬಿ. ಸಂಗ್ರಹ ಸಾಕು. ಸುಗಮ ಬಳಕೆಗೆ 4 ಜಿ.ಬಿ. ರ್‍ಯಾಮ್ ಇರುವುದು ಒಳ್ಳೆಯದು.

ಆದರೆ ಅಳವಡಿಸುವ ವೇಳೆಯಲ್ಲಿ ಹೆಚ್ಚು ಜನರನ್ನು ಹಿಂಜರಿಯುವಂತೆ ಮಾಡುವುದು ಪರದೆಯ ತೊಂದರೆ. ಪೆನ್‌ಡ್ರೈವ್ ಹಾಕಿ ಯಂತ್ರ ಚಾಲೂ ಮಾಡಿದ ಕೂಡಲೇ ಪರದೆ ಕಪ್ಪಾದರೆ "ಲಿನಕ್ಸ್ ಹಾಕಲು ಹೋಗಿ ಯಂತ್ರವೇ ಕೆಟ್ಟಿತು" ಎಂಬ ಮಾತು ಊರೆಲ್ಲ ಹರಡುತ್ತದೆ. ಬಹುತೇಕ ಸಂದರ್ಭಗಳಲ್ಲಿ ಯಂತ್ರಕ್ಕೆ ಏನೂ ಆಗಿರುವುದಿಲ್ಲ.

ಯಾವ ಯಂತ್ರಕ್ಕೆ ಅಳವಡಿಸಬಾರದು?

ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಕಾರ್ಯದರ್ಶಿ ಹಾಗೂ ಗಣಕಯಂತ್ರ ನಿರ್ವಾಹಕರ ಮೇಜಿನ ಮೇಲಿರುವ, ಪಂಚತಂತ್ರ, ಇ-ಸ್ವತ್ತು ಮತ್ತು ಇ-ಗ್ರಾಮ ಸ್ವರಾಜ್ ಕೆಲಸಗಳಿಗೆ ಬಳಸುವ ಯಂತ್ರವನ್ನು ಮೊದಲ ಪ್ರಯೋಗಕ್ಕೆ ಒಳಪಡಿಸಬಾರದು. ಈ ಜಾಲತಾಣಗಳು ಲಿನಕ್ಸ್‌ನ ಬ್ರೌಸರಿನಲ್ಲಿ ತೆರೆದುಕೊಳ್ಳಬಹುದಾದರೂ, ಡಿಜಿಟಲ್ ಸಹಿಯ ಟೋಕನ್ ಮತ್ತು ಬೆರಳಚ್ಚು ಸಾಧನಗಳಿಗೆ ಪ್ರತ್ಯೇಕ ಚಾಲಕ ತಂತ್ರಾಂಶ ಬೇಕಾಗುತ್ತದೆ. ಅವು ಕೆಲಸ ಮಾಡದಿದ್ದರೆ ಸಾರ್ವಜನಿಕರ ಖಾತಾ ನಕಲು ಮತ್ತು ಬಿಲ್ಲು ಪಾವತಿ ನಿಂತುಹೋಗುತ್ತವೆ. ತಾಲ್ಲೂಕು ಪಂಚಾಯತಿಯ ತಾಂತ್ರಿಕ ಸಿಬ್ಬಂದಿ ಪರೀಕ್ಷಿಸಿ ದೃಢಪಡಿಸಿದ ಹೊರತು ಆ ಯಂತ್ರವನ್ನು ಮುಟ್ಟುವುದು ಬೇಡ.

ಅರಿವು ಕೇಂದ್ರದ ಓದುಗರ ಯಂತ್ರ, ಪತ್ರ ವ್ಯವಹಾರಕ್ಕೆ ಮಾತ್ರ ಬಳಸುವ ಯಂತ್ರ, ಮೂಲೆಯಲ್ಲಿರುವ ಹಳೆಯ ಯಂತ್ರ ಇವು ಪ್ರಯೋಗಕ್ಕೆ ಯೋಗ್ಯ. ದಾನಿಗಳು ಅಥವಾ ಬೇರೆ ಯೋಜನೆಯಡಿ ನೀಡಿದ ಯಂತ್ರವಾಗಿದ್ದು ಖಾತರಿ ಅವಧಿ ಬಾಕಿ ಇದ್ದರೆ, ಷರತ್ತುಗಳನ್ನು ಮೊದಲು ಪರಿಶೀಲಿಸಬೇಕು.

ಅಳವಡಿಸುವ ಮುನ್ನ

ಮೊದಲನೆಯದಾಗಿ, ಯಂತ್ರದಲ್ಲಿರುವ ಕಡತಗಳನ್ನು ಹೊರಗಿನ ಸಂಗ್ರಹ ಸಾಧನಕ್ಕೆ ನಕಲು ಮಾಡಿಕೊಂಡು, ಆ ನಕಲನ್ನು ಮತ್ತೊಂದು ಯಂತ್ರದಲ್ಲಿ ತೆರೆದು ನೋಡಬೇಕು. ಅಳವಡಿಕೆಯ ವೇಳೆ "ಡಿಸ್ಕ್ ಅಳಿಸಿ ಅಳವಡಿಸು" ಎಂಬ ಆಯ್ಕೆ ಬರುತ್ತದೆ. ಅದನ್ನು ಒಪ್ಪಿದರೆ ಹಳೆಯ ನಡಾವಳಿ, ಫಲಾನುಭವಿಗಳ ಪಟ್ಟಿ, ತೆರಿಗೆ ಬೇಡಿಕೆ ತಃಖ್ತೆ ಎಲ್ಲವೂ ಅಳಿದುಹೋಗುತ್ತವೆ. ಪರದೆಯ ದೋಷವನ್ನು ಸರಿಪಡಿಸಬಹುದು. ಅಳಿದ ಕಡತವನ್ನು ಮರಳಿ ಪಡೆಯುವ ಭರವಸೆ ಇಲ್ಲ.

ಎರಡನೆಯದಾಗಿ, 8 ಜಿ.ಬಿ. ಪೆನ್‌ಡ್ರೈವ್‌ಗೆ ಲಿನಕ್ಸ್ ಕಡತವನ್ನು ರೂಫಸ್ ಅಥವಾ ಎಚರ್‌ನಂತಹ ತಂತ್ರಾಂಶದ ಮೂಲಕ ಬರೆಯಬೇಕು. ಸಾಮಾನ್ಯ ನಕಲಿನಂತೆ ಎಳೆದು ಹಾಕಿದರೆ ಅದರಿಂದ ಯಂತ್ರ ಚಾಲನೆಯಾಗುವುದಿಲ್ಲ. ಇಳಿಸಿಕೊಂಡ ಕಡತ ಅರ್ಧದಲ್ಲಿ ತುಂಡಾಗಿದ್ದರೂ ಪರದೆ ನಡುವೆ ನಿಲ್ಲುತ್ತದೆ. ಆದ್ದರಿಂದ ಜಾಲತಾಣದಲ್ಲಿ ನೀಡಿರುವ ಪರಿಶೀಲನಾ ಸಂಕೇತದೊಡನೆ ಕಡತವನ್ನು ಹೋಲಿಸಿ ನೋಡುವುದು ಕ್ಷೇಮ.

ಮೂರನೆಯದಾಗಿ, ವಿದ್ಯುತ್ ಕಡಿತವಾದಲ್ಲಿ ಅಳವಡಿಕೆ ಅರ್ಧಕ್ಕೆ ನಿಲ್ಲದಂತೆ ಯು.ಪಿ.ಎಸ್. ಇರಬೇಕು.

ನಾಲ್ಕನೆಯದಾಗಿ, ಮೊದಲು ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ನಡೆಸಿ ನೋಡಬೇಕು. ಇದಕ್ಕೆ ಲೈವ್ ಚಾಲನೆ ಎನ್ನುತ್ತಾರೆ. ಈ ಸ್ಥಿತಿಯಲ್ಲಿ ಅಳವಡಿಸುವ ಆಯ್ಕೆಯನ್ನು ಒತ್ತದೆ ಬಳಸಿ ನೋಡಿದರೆ ಒಳಗಿನ ಡಿಸ್ಕ್‌ನಲ್ಲಿರುವ ಹಳೆಯ ವ್ಯವಸ್ಥೆ ಹಾಗೆಯೇ ಉಳಿಯುತ್ತದೆ. ಪರದೆ, ಅಂತರ್ಜಾಲ, ಧ್ವನಿ, ಪ್ರಿಂಟರ್ ಮತ್ತು ಕನ್ನಡ ಸರಿಯಾಗಿವೆಯೇ ಎಂದು ನೋಡಿಕೊಂಡು, ಸರಿ ಇಲ್ಲದಿದ್ದರೆ ಪೆನ್‌ಡ್ರೈವ್ ತೆಗೆದು ಹಿಂದಿನ ಸ್ಥಿತಿಗೆ ಮರಳಬಹುದು. ಪರದೆಯ ಬಹುತೇಕ ತೊಂದರೆಗಳು ಈ ಹಂತದಲ್ಲಿಯೇ ಗೋಚರಿಸುವುದರಿಂದ, ಯಂತ್ರಕ್ಕೆ ಹಾನಿಯಾಗದೆ ಅವುಗಳನ್ನು ತಿಳಿಯಲು ಸಾಧ್ಯವಾಗುತ್ತದೆ.

ಹಂತ 1: ತಯಾರಕರ ಲಾಂಛನವೂ ಕಾಣದಿದ್ದರೆ

ಗುಂಡಿ ಒತ್ತಿದ ಕೂಡಲೇ ಪರದೆಯ ಮೇಲೆ ಯಂತ್ರ ತಯಾರಕರ ಲಾಂಛನ ಅಥವಾ ಕೆಲವು ಅಕ್ಷರಗಳು ಮೂಡಬೇಕು. ಅದೂ ಕಾಣದಿದ್ದರೆ ಲಿನಕ್ಸ್‌ಗೂ ಈ ತೊಂದರೆಗೂ ಸಂಬಂಧವಿಲ್ಲ, ಏಕೆಂದರೆ ಲಿನಕ್ಸ್ ಇನ್ನೂ ಆರಂಭವೇ ಆಗಿರುವುದಿಲ್ಲ.

ಮಾನಿಟರ್‌ನ ದೀಪ ಉರಿಯುತ್ತಿದೆಯೇ ನೋಡಬೇಕು. ಉರಿಯುತ್ತಿದ್ದರೆ, ಗಣಕಯಂತ್ರದಿಂದ ಬಂದಿರುವ ಕೇಬಲ್ಲನ್ನು ಮಾನಿಟರ್‌ನಿಂದ ಬಿಡಿಸಿ, ಮಾನಿಟರನ್ನು ಆರಿಸಿ ಮತ್ತೆ ಚಾಲೂ ಮಾಡಬೇಕು. "ಕೇಬಲ್ ಜೋಡಿಸಿಲ್ಲ" ಅಥವಾ "ಸಂಕೇತ ಇಲ್ಲ" ಎಂಬ ಅರ್ಥದ ಇಂಗ್ಲಿಷ್ ಬರಹ ಮೂಡಿದರೆ ಮಾನಿಟರ್ ಸರಿಯಾಗಿದೆ ಎಂದು ತಿಳಿಯಬಹುದು. ಇದಕ್ಕೆ ಒಂದು ನಿಮಿಷವೂ ಬೇಡ, ಹಣವೂ ಬೇಡ.

ಬಳಿಕ ಕೇಬಲ್. ನಮ್ಮದು ಎರೆಮಣ್ಣಿನ ಸೀಮೆ. ಬೇಸಿಗೆಯ ಗಾಳಿಯಲ್ಲಿ ಏಳುವ ನುಣುಪಾದ ಧೂಳು ಕಚೇರಿಯ ಯಂತ್ರಗಳ ಹಿಂಬದಿಯಲ್ಲಿ ಪದರಗಟ್ಟುತ್ತದೆ. ಹಳೆಯ ಮಾನಿಟರ್‌ಗಳ ನೀಲಿ ತುದಿಯ ವಿ.ಜಿ.ಎ. ಕೇಬಲ್ಲಿನಲ್ಲಿ ಮೂರು ಸಾಲುಗಳಲ್ಲಿ 15 ಪಿನ್‌ಗಳ ಸ್ಥಾನಗಳಿರುತ್ತವೆ. ಪಿನ್ ಬಾಗಿದೆಯೇ, ಧೂಳು ತುಂಬಿದೆಯೇ, ಇಲಿ ಕಡಿದಿದೆಯೇ ನೋಡಿ, ಎರಡೂ ಬದಿಯ ತಿರುಪುಗಳನ್ನು ಬಿಗಿಗೊಳಿಸಬೇಕು. 9ನೆಯ ಪಿನ್ ಹಲವು ಕೇಬಲ್‌ಗಳಲ್ಲಿ ತಯಾರಿಕೆಯಿಂದಲೇ ಇರುವುದಿಲ್ಲ. ಅದನ್ನು ದೋಷವೆಂದು ಭಾವಿಸಬಾರದು.

ಕೇಬಲ್ ಎಲ್ಲಿಗೆ ಜೋಡಿಸಿದೆ ಎಂಬುದೂ ಮುಖ್ಯ. ಕೆಲವು ಯಂತ್ರಗಳ ಹಿಂಬದಿಯಲ್ಲಿ ಎರಡು ಕಡೆ ಮಾನಿಟರ್ ಜೋಡಿಸುವ ಕಿಂಡಿಗಳಿರುತ್ತವೆ: ಮೂಲ ಫಲಕದ್ದು ಒಂದು, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿನದು ಮತ್ತೊಂದು. ಕಾರ್ಡ್ ಇರುವ ಯಂತ್ರದಲ್ಲಿ ಮೂಲ ಫಲಕದ ಕಿಂಡಿ ಸಾಮಾನ್ಯವಾಗಿ ನಿಷ್ಕ್ರಿಯವಾಗಿರುತ್ತದೆ. ನಾನು ಹಿಂದೆ ಸೇವೆ ಸಲ್ಲಿಸಿದ ಒಂದು ಪಂಚಾಯತಿಯಲ್ಲಿ ಧೂಳು ಒರೆಸಿದ ಅನಂತರ ಕೇಬಲ್ಲನ್ನು ತಪ್ಪು ಕಿಂಡಿಗೆ ಸಿಕ್ಕಿಸಿದ್ದನ್ನು ಗಮನಿಸದೆ, ಮಾನಿಟರನ್ನು ದುರಸ್ತಿಗೆ ಕಳುಹಿಸಿದ್ದೆ. ಮೂರು ವಾರಗಳ ನಂತರ ಅದು ಮರಳಿ ಬಂದಾಗಲೂ ಪರದೆ ಕಪ್ಪಾಗಿಯೇ ಇತ್ತು. ಎಂಜಿನಿಯರಿಂಗ್ ಓದಿದವನು ನಾನು. ಆದರೂ ಯಂತ್ರದ ಹಿಂಬದಿಯನ್ನು ನೋಡುವ ಮೊದಲೇ ದುರಸ್ತಿಯ ಚೀಟಿಗೆ ಸಹಿ ಹಾಕಿದ್ದೆ. ಆ ಮೂರು ವಾರ ಗ್ರಂಥಾಲಯಕ್ಕೆ ಬಂದ ಮಕ್ಕಳು ಖಾಲಿ ಮೇಜನ್ನು ನೋಡಿ ಹಿಂದಿರುಗಿದರು.

ಕೇಬಲ್ ಮತ್ತು ಮಾನಿಟರ್ ಎರಡೂ ಸರಿಯಾಗಿದ್ದು, ಯಂತ್ರದಿಂದ ಪದೇ ಪದೇ ಬೀಪ್ ಸದ್ದು ಬರುತ್ತಿದ್ದರೆ ರ್‍ಯಾಮ್ ಸಡಿಲವಾಗಿರುವ ಸಾಧ್ಯತೆ ಇದೆ. ವಿದ್ಯುತ್ ಸಂಪರ್ಕ ಪೂರ್ಣ ತೆಗೆದು, ತಿಳಿದವರಿಂದ ರ್‍ಯಾಮ್ ಬಿಚ್ಚಿಸಿ, ಅದರ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಒರೆಸಿ ಮರುಜೋಡಿಸಿದರೆ ಅನೇಕ ಯಂತ್ರಗಳು ಮತ್ತೆ ಚಾಲನೆಗೆ ಬರುತ್ತವೆ.

ಹಂತ 2: ಲಾಂಛನ ಬಂದು, ಲಿನಕ್ಸ್ ಪಟ್ಟಿ ಬಾರದಿದ್ದರೆ

ಯಂತ್ರವು ಪೆನ್‌ಡ್ರೈವನ್ನು ಓದದೆ ಹಳೆಯ ವಿಂಡೋಸ್ ಅನ್ನೇ ತೆರೆಯುತ್ತಿದ್ದರೆ, ಚಾಲನೆಯ ಆದ್ಯತೆಯನ್ನು ಬದಲಿಸಬೇಕು. ಯಂತ್ರ ಚಾಲೂ ಮಾಡಿದ ತಕ್ಷಣ ಡೆಲ್ ಮತ್ತು ಲೆನೊವೊ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್ 12, ಎಚ್‌ಪಿ ಯಂತ್ರಗಳಲ್ಲಿ ಎಫ್ 9 ಕೀಲಿಯನ್ನು ಒತ್ತುತ್ತಿದ್ದರೆ ಆಯ್ಕೆಯ ಪಟ್ಟಿ ಬರುತ್ತದೆ. ಅದರಲ್ಲಿ ಯು.ಎಸ್.ಬಿ. ಆಯ್ದುಕೊಳ್ಳಬೇಕು. ಭದ್ರತಾ ಉಲ್ಲಂಘನೆ ಎಂಬ ಸಂದೇಶ ಬಂದರೆ ಬಯೋಸ್ ವ್ಯವಸ್ಥೆಯಲ್ಲಿ ಸೆಕ್ಯೂರ್ ಬೂಟ್ ಎಂಬ ಆಯ್ಕೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ಪೆನ್‌ಡ್ರೈವನ್ನು ಬೇರೆ ಕಿಂಡಿಗೆ ಬದಲಾಯಿಸಿ ನೋಡುವುದೂ ಉಪಯುಕ್ತ.

ಹಂತ 3: ಪಟ್ಟಿ ಬಂದು, ಆಯ್ಕೆ ಮಾಡಿದ ಬಳಿಕ ಕಪ್ಪಾದರೆ

ಗಾಬರಿಗೆ ಹೆಚ್ಚಾಗಿ ಕಾರಣವಾಗುವುದು ಈ ಹಂತವೇ. ಪಟ್ಟಿ ಕಂಡಿತು ಎಂದರೆ ಮಾನಿಟರ್, ಕೇಬಲ್, ಪೆನ್‌ಡ್ರೈವ್ ಮೂರೂ ಕೆಲಸ ಮಾಡುತ್ತಿವೆ. ಆದ್ದರಿಂದ ಇಲ್ಲಿ ಹೊಸ ಮಾನಿಟರ್ ಖರೀದಿಯ ಪ್ರಸ್ತಾವನೆಗೆ ಆಧಾರವಿಲ್ಲ.

ಕಾರಣ ಹೀಗಿದೆ. ಆರಂಭದ ಪಟ್ಟಿಯನ್ನು ಯಂತ್ರದ ಸರಳ ಚಿತ್ರ ವ್ಯವಸ್ಥೆಯೇ ತೋರಿಸುತ್ತದೆ. ಅನಂತರ ಲಿನಕ್ಸ್‌ನ ತಿರುಳು ಗ್ರಾಫಿಕ್ಸ್ ಘಟಕವನ್ನು ತನ್ನ ವಶಕ್ಕೆ ತೆಗೆದುಕೊಂಡು, ಮಾನಿಟರಿಗೆ ಒಪ್ಪುವ ಅಳತೆಯನ್ನು ತಾನೇ ನಿಗದಿ ಮಾಡುತ್ತದೆ. ಈ ಹಸ್ತಾಂತರದಲ್ಲಿ ಚಾಲಕ ತಂತ್ರಾಂಶ ಹೊಂದದಿದ್ದರೆ, ಅದರಲ್ಲಿಯೂ ಎನ್ವಿಡಿಯಾ ಕಾರ್ಡ್ ಇರುವ ಕೆಲವು ಯಂತ್ರಗಳಲ್ಲಿ, ಒಳಗೆ ಲಿನಕ್ಸ್ ನಡೆಯುತ್ತಿದ್ದರೂ ಪರದೆ ಕಪ್ಪಾಗಿರುತ್ತದೆ.

ಪರಿಹಾರ ಪಟ್ಟಿಯಲ್ಲಿಯೇ ಇದೆ. ಲಿನಕ್ಸ್ ಮಿಂಟ್‌ನಲ್ಲಿ "ಕಂಪ್ಯಾಟಿಬಿಲಿಟಿ ಮೋಡ್", ಉಬುಂಟುವಿನಲ್ಲಿ "ಸೇಫ್ ಗ್ರಾಫಿಕ್ಸ್" ಎಂಬ ಸಾಲು ಇರುತ್ತದೆ. ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡಿ ಆ ಸಾಲನ್ನು ಆಯ್ದರೆ ಸರಳ ಚಿತ್ರ ವ್ಯವಸ್ಥೆಯಲ್ಲಿಯೇ ಲಿನಕ್ಸ್ ತೆರೆದುಕೊಳ್ಳುತ್ತದೆ.

ಅಂತಹ ಸಾಲು ಇಲ್ಲದ ಆವೃತ್ತಿಗಳಲ್ಲಿ, ಗ್ರಬ್ ಪಟ್ಟಿಯ ಮೊದಲ ಸಾಲಿನ ಮೇಲೆ ನಿಂತು ಇ ಅಕ್ಷರದ ಕೀಲಿಯನ್ನು ಒತ್ತಬೇಕು. ಕೆಲವು ಸಾಲುಗಳ ಬರಹ ಕಾಣುತ್ತದೆ. ಲಿನಕ್ಸ್ ಎಂಬ ಪದದಿಂದ ಆರಂಭವಾಗುವ ಸಾಲಿನಲ್ಲಿ, ಕ್ವೈಟ್ ಮತ್ತು ಸ್ಪ್ಲ್ಯಾಶ್ ಎಂಬ ಪದಗಳ ಪಕ್ಕದಲ್ಲಿ, ಒಂದು ಅಂತರ ಬಿಟ್ಟು ನೋಮೋಡ್‌ಸೆಟ್ ಎಂಬ ಪದವನ್ನು ಸೇರಿಸಬೇಕು. ಇದನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಅಂತರವಿಲ್ಲದೆ ಬರೆಯಬೇಕು: ಎನ್, ಓ, ಎಂ, ಓ, ಡಿ, ಇ, ಎಸ್, ಇ, ಟಿ. ಬಳಿಕ ಎಫ್ 10 ಒತ್ತಿದರೆ ಯಂತ್ರ ಮುಂದುವರಿಯುತ್ತದೆ. ಈ ಬದಲಾವಣೆ ಆ ಒಂದು ಚಾಲನೆಗೆ ಮಾತ್ರ ಅನ್ವಯಿಸುತ್ತದೆ. ತಪ್ಪಾದರೂ ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡಿದಾಗ ಹಿಂದಿನ ಸ್ಥಿತಿ ಮರಳುತ್ತದೆ.

ಹಂತ 4: ಅಳವಡಿಕೆಯ ಪುಟ ಕಂಡರೂ ಗುಂಡಿಗಳು ಕಾಣದಿದ್ದರೆ

ಸಣ್ಣ ಅಥವಾ ಹಳೆಯ ಮಾನಿಟರ್‌ಗಳಲ್ಲಿ ಅಳವಡಿಕೆಯ ಪುಟ ಪರದೆಗಿಂತ ದೊಡ್ಡದಾಗಿ, "ಮುಂದುವರಿಸಿ" ಎಂಬ ಗುಂಡಿ ಕೆಳಗೆ ಮರೆಯಾಗುತ್ತದೆ. ಲಿನಕ್ಸ್ ಮಿಂಟ್ 1024×768 ಅಳತೆಯ ಪರದೆಯನ್ನು ನಿರೀಕ್ಷಿಸುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಆಲ್ಟ್ ಕೀಲಿಯನ್ನು ಒತ್ತಿ ಹಿಡಿದು, ಮೌಸ್‌ನಿಂದ ಪುಟವನ್ನು ಮೇಲಕ್ಕೆ ಎಳೆದರೆ ಮರೆಯಾದ ಗುಂಡಿ ಗೋಚರಿಸುತ್ತದೆ. ಗುಂಡಿ ಕಾಣದೆ ಅಂದಾಜಿನ ಮೇಲೆ ಕೀಲಿಗಳನ್ನು ಒತ್ತಬಾರದು. ಡಿಸ್ಕ್ ಅಳಿಸುವ ಆಯ್ಕೆ ಇರುವುದು ಇದೇ ಪುಟಗಳಲ್ಲಿ.

ಕೆಲವು ಅರಿವು ಕೇಂದ್ರಗಳಲ್ಲಿ ಟಿ.ವಿ.ಯನ್ನೇ ಮಾನಿಟರ್ ಆಗಿ ಬಳಸಲಾಗುತ್ತದೆ. ಆಗ ನಾಲ್ಕೂ ಅಂಚುಗಳು ಕತ್ತರಿಸಿದಂತೆ ಕಂಡರೆ ಅದು ಟಿ.ವಿ. ಚಿತ್ರವನ್ನು ಹಿಗ್ಗಿಸುತ್ತಿರುವುದರ ಪರಿಣಾಮ. ಟಿ.ವಿ.ಯ ರಿಮೋಟ್‌ನಲ್ಲಿ ಚಿತ್ರದ ಅಳತೆಯನ್ನು "ಸ್ಕ್ರೀನ್ ಫಿಟ್" ಅಥವಾ "ಜಸ್ಟ್ ಸ್ಕ್ಯಾನ್" ಎಂದು ಬದಲಿಸಿದರೆ ಸರಿಹೋಗುತ್ತದೆ. ವಿ.ಜಿ.ಎ. ಮಾನಿಟರ್‌ನಲ್ಲಿ ಚಿತ್ರ ಒಂದು ಪಕ್ಕಕ್ಕೆ ಸರಿದಿದ್ದರೆ ಮಾನಿಟರ್‌ನ "ಆಟೋ" ಗುಂಡಿ ಒತ್ತುವುದು ಸಾಕು.

ಹಂತ 5: ಅಳವಡಿಕೆ ಮುಗಿದು, ಮರುಚಾಲನೆಯಲ್ಲಿ ತೊಂದರೆಯಾದರೆ

ಪೆನ್‌ಡ್ರೈವ್‌ನಿಂದ ಸರಿಯಾಗಿ ಕಂಡ ಪರದೆ ಅಳವಡಿಕೆಯ ನಂತರ ಮತ್ತೆ ಕಪ್ಪಾಗುವುದುಂಟು. ಲೈವ್ ಚಾಲನೆಗೆ ನೀಡಿದ ವಿನಾಯಿತಿ, ಅಳವಡಿಸಿದ ವ್ಯವಸ್ಥೆಗೆ ತಾನಾಗಿ ವರ್ಗವಾಗದಿರುವುದೇ ಸಾಮಾನ್ಯ ಕಾರಣ. ಹಳೆಯ ಯಂತ್ರಗಳಲ್ಲಿ ಶಿಫ್ಟ್, ಹೊಸ ಮಾದರಿಯ ಯಂತ್ರಗಳಲ್ಲಿ ಎಸ್ಕೇಪ್ ಕೀಲಿಯನ್ನು ಆರಂಭದಲ್ಲಿ ಒತ್ತಿದರೆ ಗ್ರಬ್ ಪಟ್ಟಿ ಬರುತ್ತದೆ. ಅಲ್ಲಿ ಹಂತ 3ರಲ್ಲಿ ಹೇಳಿದಂತೆಯೇ ನೋಮೋಡ್‌ಸೆಟ್ ಸೇರಿಸಿ ಒಳಗೆ ಪ್ರವೇಶಿಸಬೇಕು. ಬಳಿಕ ಎಲ್ಲ ಪರಿಷ್ಕರಣೆಗಳನ್ನು ಪಡೆದು, ಎನ್ವಿಡಿಯಾ ಕಾರ್ಡ್ ಇದ್ದಲ್ಲಿ "ಡ್ರೈವರ್ ಮ್ಯಾನೇಜರ್" ಮೂಲಕ ಶಿಫಾರಸು ಮಾಡಿದ ಚಾಲಕವನ್ನು ಅಳವಡಿಸಬೇಕು. ನೋಮೋಡ್‌ಸೆಟ್ ಊರುಗೋಲು ಇದ್ದಂತೆ. ಅದನ್ನೇ ಶಾಶ್ವತವಾಗಿ ಇರಿಸಿದರೆ ಚಿತ್ರ ಮಂದವಾಗಿ, ವಿಡಿಯೋ ತಡೆದು ತಡೆದು ಬರುತ್ತದೆ.

ಪರದೆ ಕಾಣುತ್ತದೆ, ಆದರೆ ಅಕ್ಷರಗಳು ಊದಿಕೊಂಡು ಮಸುಕಾಗಿವೆ ಎಂದಾದರೆ ಮಾನಿಟರ್ ತನ್ನ ಅಳತೆಯನ್ನು ಯಂತ್ರಕ್ಕೆ ತಿಳಿಸಲು ಆಗುತ್ತಿಲ್ಲ ಎಂದರ್ಥ. ಪ್ರತಿಯೊಂದು ಮಾನಿಟರ್ ತನ್ನ ವಿವರವನ್ನು ಕೇಬಲ್ಲಿನ ಮೂಲಕವೇ ಯಂತ್ರಕ್ಕೆ ಕಳುಹಿಸುತ್ತದೆ. ವಿ.ಜಿ.ಎ. ಕೇಬಲ್ಲಿನಲ್ಲಿ ಈ ಕೆಲಸ 12 ಮತ್ತು 15ನೆಯ ಪಿನ್‌ಗಳದು. ಅಗ್ಗದ ಕೇಬಲ್ಲಿನಲ್ಲಿ ಈ ತಂತಿಗಳು ಇಲ್ಲದಿದ್ದರೆ, ಅಥವಾ ಎಚ್.ಡಿ.ಎಂ.ಐ.ನಿಂದ ವಿ.ಜಿ.ಎ.ಗೆ ಬದಲಿಸುವ ಪರಿವರ್ತಕ ಕಳಪೆಯಾಗಿದ್ದರೆ, 1366×768 ಅಳತೆಯ ಮಾನಿಟರ್ ಕೂಡ 1024×768 ಅಥವಾ ಅದಕ್ಕಿಂತ ಕಡಿಮೆ ಅಳತೆಯಲ್ಲಿ ನಿಂತುಬಿಡುತ್ತದೆ. ಬೇರೆ ಕೇಬಲ್ ಹಾಕಿ ನೋಡುವುದು ಮೊದಲ ಪರೀಕ್ಷೆ. "ವ್ಯಾಪ್ತಿ ಮೀರಿದೆ" ಎಂಬ ಅರ್ಥದ ಸಂದೇಶ ಬಂದರೆ, ಬೇರೊಂದು ಮಾನಿಟರ್ ಜೋಡಿಸಿ ಒಳಹೊಕ್ಕು, ಅಳತೆಯನ್ನು ಕಡಿಮೆ ಮಾಡಿ, ಆವರ್ತನವನ್ನು 60 ಹರ್ಟ್ಜ್‌ಗೆ ಇಳಿಸಬೇಕು.

ಹಂತ 6: ಪರದೆ ಸರಿ, ಕನ್ನಡ ಸರಿಯಿಲ್ಲ

ಎಲ್ಲವೂ ಕಂಡ ಮೇಲೆ ಹಳೆಯ ನಡಾವಳಿಯ ಕಡತ ತೆರೆದರೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣಿಸಬಹುದು. ಕಡತ ಕೆಟ್ಟಿರುವುದಿಲ್ಲ. ನುಡಿ ಮುಂತಾದ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ ಬರಹ ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಹೀಗೆಯೇ ಕಾಣುತ್ತದೆ, ವಿಂಡೋಸ್‌ನಲ್ಲಿಯೂ ಸಹ. ಅಂತಹ ಕಡತಗಳನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ಬದಲಾಯಿಸಿಕೊಂಡರೆ ಅವು ಮುಂದೆ ಮೊಬೈಲ್‌ನಲ್ಲಿಯೂ ಓದಲು ದೊರೆಯುತ್ತವೆ.

ಲಿನಕ್ಸ್‌ನಲ್ಲಿ ಕನ್ನಡಕ್ಕೆ ಲೋಹಿತ್, ನೋಟೊ, ಗುಬ್ಬಿ, ನವಿಲು ಮುಂತಾದ ಉಚಿತ ಯೂನಿಕೋಡ್ ಅಕ್ಷರಶೈಲಿಗಳು ಲಭ್ಯ. ಬೆರಳಚ್ಚಿಗೆ ಐಬಸ್ ಎಂಬ ವ್ಯವಸ್ಥೆಯಲ್ಲಿ ಕನ್ನಡ ಕೆಜಿಪಿ ಕೀಲಿಮಣೆಯನ್ನು ಆಯ್ದುಕೊಳ್ಳಬಹುದು. ಇದು ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ್ದು, ನುಡಿ ಬಳಸಿ ರೂಢಿಯಿರುವ ನಮ್ಮ ಸಿಬ್ಬಂದಿ ಹೊಸದಾಗಿ ಕಲಿಯಬೇಕಾದುದು ಅತ್ಯಲ್ಪ.

ಸದಸ್ಯರ ಪಾತ್ರ

ಸದಸ್ಯರು ಯಂತ್ರವನ್ನು ಬಿಚ್ಚಬೇಕಿಲ್ಲ. ಖರೀದಿ ಅಥವಾ ವಿಲೇವಾರಿಯ ವಿಷಯ ಸಭೆಗೆ ಬಂದಾಗ ಕೆಳಗಿನ ವಿವರಗಳುಳ್ಳ ಒಂದು ಪುಟದ ಟಿಪ್ಪಣಿಯನ್ನು ಕಡತದಲ್ಲಿ ಇರಿಸುವಂತೆ ಕೇಳಬಹುದಾಗಿದೆ:

1. ದಾಸ್ತಾನು ವಹಿಯಲ್ಲಿನ ಯಂತ್ರದ ಸಂಖ್ಯೆ ಮತ್ತು ಖರೀದಿಸಿದ ವರ್ಷ.
2. ಪರದೆ ಯಾವ ಹಂತದವರೆಗೆ ಬಂದು ನಿಂತಿತು? ಅದರ ಮೊಬೈಲ್ ಛಾಯಾಚಿತ್ರ.
3. ಬೇರೆ ಕೇಬಲ್ ಹಾಕಿ ನೋಡಲಾಗಿದೆಯೇ?
4. ಕಚೇರಿಯ ಬೇರೆ ಮಾನಿಟರನ್ನು ಈ ಯಂತ್ರಕ್ಕೆ, ಈ ಮಾನಿಟರನ್ನು ಬೇರೆ ಯಂತ್ರಕ್ಕೆ ಜೋಡಿಸಿ ನೋಡಲಾಗಿದೆಯೇ?
5. ಪೆನ್‌ಡ್ರೈವ್‌ನಿಂದ ಹೊಂದಾಣಿಕೆಯ ಸ್ಥಿತಿಯಲ್ಲಿ ಲಿನಕ್ಸ್ ನಡೆಸಿ ನೋಡಲಾಗಿದೆಯೇ?
6. ಯಂತ್ರದಲ್ಲಿದ್ದ ಕಡತಗಳ ನಕಲು ಎಲ್ಲಿದೆ, ಅದನ್ನು ತೆರೆದು ನೋಡಿದವರು ಯಾರು?

ನಾಲ್ಕನೆಯ ಅಂಶವೊಂದೇ ಬಹಳಷ್ಟು ಗೊಂದಲವನ್ನು ಪರಿಹರಿಸುತ್ತದೆ. ಒಂದು ಮಾನಿಟರ್ ಬೇರೆ ಯಂತ್ರದಲ್ಲಿ ಬೆಳಗಿದರೆ ಅದನ್ನು ಬದಲಿಸುವ ಅಗತ್ಯವಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೊಸ ಖರೀದಿ ನ್ಯಾಯಯುತವಾಗಿರುವ ಸಂದರ್ಭಗಳೂ ಇವೆ. ಮೂಲ ಫಲಕ ಸುಟ್ಟಿದ್ದರೆ, ಅದರ ಮೇಲಿನ ಕೆಪಾಸಿಟರ್‌ಗಳು ಉಬ್ಬಿದ್ದರೆ, ರ್‍ಯಾಮ್ 2 ಜಿ.ಬಿ.ಗಿಂತ ಕಡಿಮೆಯಿದ್ದು ಹೆಚ್ಚಿಸಲು ಅವಕಾಶವಿಲ್ಲದಿದ್ದರೆ, ಹಣ ತೊಡಗಿಸಿ ಪ್ರಯೋಜನವಿಲ್ಲ. 32 ಬಿಟ್ ಸಂಸ್ಕಾರಕದ ಯಂತ್ರಗಳಿಗೂ ಭವಿಷ್ಯವಿಲ್ಲ; ದೀರ್ಘಕಾಲ ಅವುಗಳನ್ನು ಬೆಂಬಲಿಸಿದ ಡೆಬಿಯನ್ ಕೂಡ 2025ರ ಆಗಸ್ಟ್‌ನಲ್ಲಿ ಬಂದ 13ನೆಯ ಆವೃತ್ತಿಯಿಂದ ಅವುಗಳ ಅಳವಡಿಕಾ ಕಡತ ನೀಡುವುದನ್ನು ನಿಲ್ಲಿಸಿದೆ. ಅಂತಹ ಯಂತ್ರಗಳನ್ನು ಗುಜರಿಗೆ ಹಾಕದೆ, ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2022ರಂತೆ ನೋಂದಾಯಿತ ಮರುಬಳಕೆದಾರರ ಮೂಲಕ ವಿಲೇವಾರಿ ಮಾಡತಕ್ಕದ್ದು. ವಿಲೇವಾರಿಗೆ ಮುನ್ನ ಡಿಸ್ಕ್‌ನಲ್ಲಿರುವ ಫಲಾನುಭವಿಗಳ ವೈಯಕ್ತಿಕ ಮಾಹಿತಿಯನ್ನು ಅಳಿಸಿರುವ ಬಗ್ಗೆ ಖಚಿತಪಡಿಸಿಕೊಳ್ಳಬೇಕು.

ಒಂದು ಕೇಬಲ್ಲಿನ ಬೆಲೆ ಕೆಲವು ನೂರು ರೂಪಾಯಿ. ಹೊಸ ಗಣಕಯಂತ್ರದ ಬೆಲೆ ಹತ್ತಾರು ಸಾವಿರ. ಈ ಎರಡರ ನಡುವಿನ ಅಂತರ ಗ್ರಾಮದ ತೆರಿಗೆದಾರರ ಹಣ. ಅದರಿಂದ ಅದೇ ಅರಿವು ಕೇಂದ್ರಕ್ಕೆ ಪುಸ್ತಕ, ಕುರ್ಚಿ, ಯು.ಪಿ.ಎಸ್. ಬ್ಯಾಟರಿ ಒದಗಿಸಬಹುದು.

ಮುಂದಿನ ಸಾಮಾನ್ಯ ಸಭೆಗೆ ಮುನ್ನ ಪ್ರತಿ ಪಂಚಾಯತಿಯು ತನ್ನ ದಾಸ್ತಾನು ವಹಿಯನ್ನು ತೆರೆದು, "ದುರಸ್ತಿಯಲ್ಲಿದೆ" ಎಂದು ನಮೂದಾಗಿರುವ ಯಂತ್ರಗಳನ್ನು ಗುರುತಿಸಿ, ಅವುಗಳಲ್ಲಿ ಒಂದನ್ನಾದರೂ ಮೇಲಿನ ಕ್ರಮದಂತೆ ಪರೀಕ್ಷಿಸುವುದು ಸೂಕ್ತ. ಪರೀಕ್ಷೆಯ ದಿನ ಗ್ರಂಥಾಲಯ ಮೇಲ್ವಿಚಾರಕರೊಂದಿಗೆ ಒಬ್ಬ ಸದಸ್ಯರೂ ಉಪಸ್ಥಿತರಿದ್ದು, ಪರದೆ ಎಲ್ಲಿಯವರೆಗೆ ಬಂತು ಎಂಬುದನ್ನು ತಮ್ಮ ಕಣ್ಣಿನಿಂದಲೇ ನೋಡಿ ಟಿಪ್ಪಣಿಗೆ ಸಹಿ ಮಾಡಬೇಕೆಂದು ಕೋರಲಾಗಿದೆ.